ಪೋಲೆಂಡಿನ ಬ್ಯಾಕು ಆಟಗಾರ ಶ್ಚೆಪಾನ್ಯಾಕ್

ಕಾಲ್ಚೆಂಡಾಟದ ಚರಿತ್ರೆಯನ್ನು ಬರೆಯುವವರು ಬಹುಮಟ್ಟಿಗೆ ಗೋಲು ಹೊಡೆದವರ ಚರಿತ್ರೆಯನ್ನೇ ಬರೆಯುತ್ತಾರೆ. ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಗೋಲು ಎಣಿಕೆಗೆ ಸಿಕ್ಕುವ ವಸ್ತು. ಹೊಡೆದವನ ಹೆಸರು, ಹೊಡೆದ ನಿಮಿಷ ಎರಡೂ ಕಡತಕ್ಕೆ ಸೇರುತ್ತವೆ. ಆದರೆ ಎದುರಾಳಿಯ ಕಾಲಿನಿಂದ ಚೆಂಡನ್ನು ಕಿತ್ತು ದೂರಕ್ಕೆ ಒದ್ದು, ಆಗಬಹುದಾಗಿದ್ದ ಗೋಲನ್ನು ಆಗದಂತೆ ಮಾಡಿದವನ ಲೆಕ್ಕವನ್ನು ಯಾರು ಬರೆದಿಡುತ್ತಾರೆ? ಆಗದೆ ಹೋದದ್ದಕ್ಕೆ ಯಾವ ಪುಸ್ತಕದಲ್ಲಿಯೂ ಖಾತೆ ತೆರೆದಿರುವುದಿಲ್ಲ. ಇತಿಹಾಸವನ್ನು ಐಚ್ಛಿಕ ವಿಷಯವಾಗಿ ಓದುತ್ತಿರುವ ನನಗೆ ಇದು ಆಟದ ಮೈದಾನಕ್ಕೆ ಮಾತ್ರ ಸಂಬಂಧಿಸಿದ ಪ್ರಶ್ನೆಯೆಂದು ತೋರುವುದಿಲ್ಲ.

ಈ ದೃಷ್ಟಿಯಿಂದ ನಾನು ಇಲ್ಲಿ ವಿಚಾರಮಾಡಬೇಕೆಂದಿರುವುದು ವ್ಲಾದಿಸ್ಲಾವ್ ಶ್ಚೆಪಾನ್ಯಾಕ್ ಎಂಬ ಪೋಲೆಂಡಿನ ಆಟಗಾರನ ಜೀವನವನ್ನು. ಹೆಸರು ನಮ್ಮ ನಾಲಿಗೆಗೆ ಸುಲಭವಾಗಿ ಹೊರಳುವಂಥದಲ್ಲ. ಹಾಸ್ಟೆಲಿನ ಮಿತ್ರರು ಇದನ್ನು ಕೇಳಿ ಎರಡು ದಿನ ನಕ್ಕರು. ಎರಡನೆಯ ಮಹಾಯುದ್ಧ ೧೯೩೯ರ ಸೆಪ್ಟೆಂಬರ್ ೧ರಂದು ಜರ್ಮನಿಯು ಪೋಲೆಂಡಿನ ಮೇಲೆ ಬಿದ್ದಾಗ ಆರಂಭವಾಯಿತೆಂದು ನಾವೆಲ್ಲರೂ ಪರೀಕ್ಷೆಗೆ ಓದುತ್ತೇವೆ. ಅದಕ್ಕೆ ಐದೇ ದಿನ ಮೊದಲು ಪೋಲೆಂಡಿನ ರಾಜಧಾನಿಯಲ್ಲಿ ಒಂದು ಅಂತರರಾಷ್ಟ್ರೀಯ ಕಾಲ್ಚೆಂಡಿನ ಪಂದ್ಯ ನಡೆದಿತ್ತು. ಆ ದಿನ ಪೋಲಿಷ್ ತಂಡದ ನಾಯಕ ಯಾರೆಂದು ಹುಡುಕಿಕೊಂಡು ಹೊರಟವನಿಗೆ ಸಿಕ್ಕಿದ ಹೆಸರು ಇದು.

ಶ್ಚೆಪಾನ್ಯಾಕ್ ಹುಟ್ಟಿದ್ದು ೧೯೧೦ನೆಯ ಇಸವಿ ಮೇ ೧೯ರಂದು, ವಾರ್ಸಾ ನಗರದಲ್ಲಿ. ಆಗ ಪೋಲೆಂಡ್ ಎಂಬ ದೇಶ ಭೂಪಟದ ಮೇಲೆ ಇರಲಿಲ್ಲ. ರಷ್ಯ, ಪ್ರಷ್ಯ, ಆಸ್ಟ್ರಿಯ ಎಂಬ ಮೂರು ನೆರೆರಾಜ್ಯಗಳು ಹದಿನೆಂಟನೆಯ ಶತಮಾನದಲ್ಲಿ ಅದನ್ನು ಮೂರು ಕಂತಿನಲ್ಲಿ ಹಂಚಿಕೊಂಡು, ೧೭೯೫ರಲ್ಲಿ ಉಳಿದ ತುಂಡನ್ನೂ ನುಂಗಿಬಿಟ್ಟಿದ್ದವು. ವಾರ್ಸಾ ರಷ್ಯದ ಚಕ್ರವರ್ತಿಯ ಆಳ್ವಿಕೆಗೆ ಒಳಪಟ್ಟಿತ್ತು. ಶ್ಚೆಪಾನ್ಯಾಕ್ ಹುಟ್ಟಿದ ಮರುವರ್ಷ, ೧೯೧೧ರಲ್ಲಿ, ಆ ಊರಿನ ತರುಣರು ಒಂದು ಆಟದ ಸಂಘವನ್ನು ಕಟ್ಟಿ ಅದಕ್ಕೆ ‘ಪೊಲೋನಿಯಾ’ ಎಂದು ಹೆಸರಿಟ್ಟರು. ಲ್ಯಾಟಿನ್ ಭಾಷೆಯಲ್ಲಿ ಪೋಲೆಂಡಿಗೆ ಇರುವ ಹೆಸರೇ ಅದು. ಇಲ್ಲದ ದೇಶದ ಹೆಸರನ್ನು ಆಟದ ಸಂಘಕ್ಕಾದರೂ ಇಟ್ಟು ಕರೆಯೋಣವೆಂಬುದು ಅವರ ಹಟವಾಗಿದ್ದಿರಬೇಕು. ಆಟಗಾರರು ತೊಟ್ಟದ್ದು ಕಪ್ಪು ಅಂಗಿ. ಸ್ವಾತಂತ್ರ್ಯ ಕಳೆದುಕೊಂಡ ದುಃಖದ ಗುರುತು ಅದು ಎಂದು ಜನ ಅರ್ಥ ಹೇಳಿಕೊಂಡರು. ‘ಕಪ್ಪಂಗಿಯವರು’ ಎಂಬ ಅಡ್ಡಹೆಸರು ಆ ಸಂಘಕ್ಕೆ ಇಂದಿಗೂ ಉಳಿದಿದೆ.

೧೯೧೮ರಲ್ಲಿ, ಮೊದಲನೆಯ ಮಹಾಯುದ್ಧದ ಕೊನೆಗೆ, ಪೋಲೆಂಡ್ ಮತ್ತೆ ಸ್ವತಂತ್ರವಾಯಿತು. ಆಗ ಶ್ಚೆಪಾನ್ಯಾಕನಿಗೆ ಎಂಟು ವರ್ಷ. ದೇಶಕ್ಕೆ ಸೈನ್ಯ, ನಾಣ್ಯ, ಅಂಚೆ ಚೀಟಿ ಎಲ್ಲವೂ ಹೊಸದಾಗಿ ಆಗಬೇಕಾಗಿದ್ದ ಆ ಕಾಲದಲ್ಲಿ ಕಾಲ್ಚೆಂಡಿನ ತಂಡವೂ ಆಗಬೇಕಾಯಿತು. ೧೯೨೧ರ ಡಿಸೆಂಬರಿನಲ್ಲಿ ಬುಡಾಪೆಸ್ಟಿನಲ್ಲಿ ಹಂಗೆರಿಯ ವಿರುದ್ಧ ಆಡಿದ ಮೊದಲ ಪಂದ್ಯವನ್ನು ಪೋಲೆಂಡ್ ಒಂದು ಗೋಲಿನಿಂದ ಸೋತಿತು. ೧೯೨೨ರ ಮೇ ತಿಂಗಳಲ್ಲಿ ಸ್ವೀಡನ್ನಿನ ಸ್ಟಾಕ್‌ಹೋಮಿನಲ್ಲಿ ಮೊದಲ ಗೋಲು, ಮೊದಲ ಗೆಲುವು ಎರಡೂ ಒಟ್ಟಿಗೆ ದೊರೆತವು. ಆ ಗೋಲನ್ನು ಪೆನಾಲ್ಟಿಯಿಂದ ಹೊಡೆದವನು ಯೂಜೆಫ್ ಕ್ಲೋಟ್ಸ್ ಎಂಬ ಯಹೂದಿ ಆಟಗಾರ. ವಿಶೇಷವೇನೆಂದರೆ ಆತನೂ ಒಬ್ಬ ಬ್ಯಾಕು! ಪೋಲೆಂಡಿನ ಗೋಲುಗಳ ಪಟ್ಟಿ ಹೀಗೆ ಹಿಂದೆ ನಿಲ್ಲುವವನೊಬ್ಬನ ಹೆಸರಿನಿಂದಲೇ ಆರಂಭವಾಗುತ್ತದೆ. ಕ್ಲೋಟ್ಸನನ್ನು ೧೯೪೧ರಲ್ಲಿ ವಾರ್ಸಾದಲ್ಲಿ ನಾಜಿಗಳು ಕೊಂದರು.

ಮುಂದೆ ಹೋಗುವ ಮುನ್ನ ಬ್ಯಾಕಿನ ಕೆಲಸವೇನೆಂಬುದನ್ನು ಸ್ವಲ್ಪ ತಿಳಿಯಬೇಕು. ಇಂದಿನ ಆಟದಲ್ಲಿ ಹಿಂದೆ ನಾಲ್ವರು ಅಥವಾ ಐವರು ನಿಂತಿರುವುದನ್ನು ಕಾಣುತ್ತೇವೆ. ಶ್ಚೆಪಾನ್ಯಾಕನ ಕಾಲದಲ್ಲಿ ಹಾಗಿರಲಿಲ್ಲ. ಗೋಲಿನ ಮುಂದೆ ಗೋಲ್‌ಕೀಪರ್, ಅವನ ಮುಂದೆ ಇಬ್ಬರು ಬ್ಯಾಕುಗಳು, ನಡುವೆ ಮೂವರು ಹಾಫ್‌ಬ್ಯಾಕುಗಳು, ಮುಂದೆ ಐವರು ಫಾರ್ವರ್ಡುಗಳು. ಇದು ಆಗಿನ ಸಾಮಾನ್ಯ ವ್ಯೂಹ. ಐವರು ನುಗ್ಗಿ ಬರುವಾಗ ಹಾಫ್‌ಬ್ಯಾಕುಗಳು ಹಿಂದಿರುಗಿ ಬರುತ್ತಿದ್ದರಾದರೂ ಕೊನೆಯ ಹೊಣೆ ಇಬ್ಬರದೇ. ಅದರ ಮೇಲೆ ೧೯೨೫ರಲ್ಲಿ ಆಫ್‌ಸೈಡ್ ನಿಯಮ ಬದಲಾಯಿತು. ಅದಕ್ಕೆ ಹಿಂದೆ, ಮುಂದಿರುವ ಆಟಗಾರನಿಗೂ ಗೋಲಿನ ಗೆರೆಗೂ ನಡುವೆ ಎದುರಾಳಿಗಳಲ್ಲಿ ಮೂವರಾದರೂ ಇರಬೇಕಿತ್ತು. ಹೊಸ ನಿಯಮದಂತೆ ಇಬ್ಬರಿದ್ದರೆ ಸಾಕಾಯಿತು. ಮೇಲುನೋಟಕ್ಕೆ ಸಣ್ಣ ಬದಲಾವಣೆ. ಆದರೆ ಬ್ಯಾಕುಗಳ ಪಾಲಿಗೆ ಇದು ನೆಲವೇ ಕುಸಿದಂತೆ. ಮೊದಲು ಒಬ್ಬ ಬ್ಯಾಕು ಧೈರ್ಯವಾಗಿ ಮುಂದೆ ಸರಿದು ಎದುರಾಳಿಯನ್ನು ಆಫ್‌ಸೈಡಿನಲ್ಲಿ ಸಿಕ್ಕಿಸಬಹುದಿತ್ತು. ಉಪಾಯ ತಪ್ಪಿದರೂ ಹಿಂದೆ ಇನ್ನೊಬ್ಬನಿರುತ್ತಿದ್ದ. ನಿಯಮ ಬದಲಾದ ಮೇಲೆ ಉಪಾಯ ತಪ್ಪಿದರೆ ಹಿಂದೆ ಇರುವವನು ಗೋಲ್‌ಕೀಪರ್ ಒಬ್ಬನೇ. ಇಂಗ್ಲೆಂಡಿನ ತಂಡಗಳು ನಡುವಿನ ಹಾಫ್‌ಬ್ಯಾಕನ್ನು ಹಿಂದಕ್ಕೆಳೆದು ಮೂರನೆಯ ಬ್ಯಾಕನ್ನಾಗಿ ಮಾಡಿಕೊಂಡವು. ಯೂರೋಪಿನ ಉಳಿದೆಡೆ ಈ ಬುದ್ಧಿ ನಿಧಾನವಾಗಿ ಹರಡಿತು. ಶ್ಚೆಪಾನ್ಯಾಕ್ ಆಡಿದ್ದು ಈ ಸಂಧಿಕಾಲದಲ್ಲಿ. ಬ್ಯಾಕಾಗಿರುವುದು ಅತ್ಯಂತ ಕಷ್ಟವಾಗಿದ್ದ ಕಾಲ ಅದೇ ಎಂದು ನನ್ನ ಅಭಿಪ್ರಾಯ.

ಆತ ಪೊಲೋನಿಯಾದ ಕಪ್ಪು ಅಂಗಿಯನ್ನು ತೊಟ್ಟದ್ದು ೧೯೨೮ರಲ್ಲಿ, ಹದಿನೆಂಟನೆಯ ವಯಸ್ಸಿನಲ್ಲಿ. ೧೯೩೦ರ ಅಕ್ಟೋಬರಿನಲ್ಲಿ ಲಾಟ್ವಿಯದ ವಿರುದ್ಧ ವಾರ್ಸಾದಲ್ಲಿ ನಡೆದ ಪಂದ್ಯದಲ್ಲಿ ದೇಶದ ತಂಡಕ್ಕೆ ಮೊದಲ ಬಾರಿ ಆಡಿದನು. ಆಗ ಅವನಿಗೆ ಇಪ್ಪತ್ತು, ಈಗ ನನಗಿರುವಷ್ಟೇ ವಯಸ್ಸು. ಮುಂದೆ ಹದಿನೇಳು ವರ್ಷಗಳ ಅವಧಿಯಲ್ಲಿ ಮೂವತ್ತನಾಲ್ಕು ಅಂತರರಾಷ್ಟ್ರೀಯ ಪಂದ್ಯಗಳನ್ನಾಡಿದನು. ಆ ಹದಿನೇಳರಲ್ಲಿ ಸುಮಾರು ಎಂಟು ವರ್ಷ ಪೋಲೆಂಡಿಗೆ ತಂಡವೇ ಇರಲಿಲ್ಲವೆಂಬುದನ್ನು ನೆನೆದರೆ ಮೂವತ್ತನಾಲ್ಕು ಕಡಮೆಯೇನಲ್ಲ. ಮೂವತ್ತರ ದಶಕದ ನಡುವಿನಲ್ಲಿ ಪೊಲೋನಿಯಾ ಸಂಘವು ಸೋತು ಸೋತು ಮೇಲಿನ ವರ್ಗದಿಂದ ಕೆಳಕ್ಕಿಳಿಯಿತು. ದೇಶದ ತಂಡಕ್ಕೆ ಆಡುವವನನ್ನು ಬೇರೆ ಯಾವ ದೊಡ್ಡ ಸಂಘವೂ ಬೇಡವೆನ್ನುತ್ತಿರಲಿಲ್ಲ. ಆದರೂ ಆತ ಬಿಟ್ಟು ಹೋಗಲಿಲ್ಲ. ೧೯೩೮ರ ಹೊತ್ತಿಗೆ ಸಂಘ ಮತ್ತೆ ಮೇಲಿನ ವರ್ಗಕ್ಕೆ ಬಂದಿತು. ಶ್ಚೆಪಾನ್ಯಾಕ್ ಆಗಲೂ ಅಲ್ಲಿಯೇ ಇದ್ದನು. ತನ್ನ ಆಟದ ಜೀವನವನ್ನೆಲ್ಲ ಆತ ಒಂದೇ ಸಂಘದಲ್ಲಿ ಕಳೆದನೆಂಬುದು ಇಂದಿನ ಕೋಟಿಗಟ್ಟಲೆ ಹಣದ ಕಾಲದಲ್ಲಿ ಕಥೆಯಂತೆ ಕೇಳಿಸಬಹುದು.

೧೯೩೬ರ ಬರ್ಲಿನ್ ಒಲಿಂಪಿಕ್ಸಿಗೆ ಹೋದ ತಂಡದಲ್ಲಿ ಆತನಿದ್ದನು. ಪೋಲೆಂಡ್ ಹಂಗೆರಿಯನ್ನು ಮೂರು ಗೋಲುಗಳಿಂದ ಸೋಲಿಸಿತು. ಬ್ರಿಟನ್ನಿನ ವಿರುದ್ಧ ೫–೧ರ ಮುನ್ನಡೆಯಿಂದ ಜಾರಿ ಜಾರಿ ೫–೪ರಲ್ಲಿ ಹೇಗೋ ದಡ ಸೇರಿತು. ಅನಂತರ ಆಸ್ಟ್ರಿಯಕ್ಕೆ ಸೋತು, ಮೂರನೆಯ ಸ್ಥಾನದ ಪಂದ್ಯವನ್ನು ನಾರ್ವೆಗೆ ೩–೨ರಿಂದ ಬಿಟ್ಟುಕೊಟ್ಟು, ಪದಕವಿಲ್ಲದೆ ಮರಳಿತು. ನಾರ್ವೆಯ ಹೆಸರನ್ನು ವಾಚಕರು ನೆನಪಿನಲ್ಲಿಡಬೇಕು. ಅದು ಮತ್ತೊಮ್ಮೆ ಬರಲಿದೆ.

ಇನ್ನು ೧೯೩೮ರ ಜೂನ್ ೫, ಸ್ಟ್ರಾಸ್‌ಬರ್ಗ್. ಫ್ರಾನ್ಸಿನಲ್ಲಿ ನಡೆದ ಮೂರನೆಯ ವಿಶ್ವಕಪ್ಪಿನಲ್ಲಿ ಪೋಲೆಂಡ್ ಬ್ರೆಜಿಲನ್ನು ಎದುರಿಸಿದ ಈ ಪಂದ್ಯವು ಕಾಲ್ಚೆಂಡಾಟದ ಚರಿತ್ರೆಯಲ್ಲೇ ಅದ್ಭುತವಾದವುಗಳಲ್ಲಿ ಒಂದೆಂದು ಹೇಳಿದರೆ ಅತಿಶಯೋಕ್ತಿಯಾಗಲಾರದು. ಪೋಲೆಂಡ್ ವಿಶ್ವಕಪ್ಪಿಗೆ ಬಂದದ್ದು ಇದೇ ಮೊದಲು. ಯುಗೊಸ್ಲಾವಿಯವನ್ನು ವಾರ್ಸಾದಲ್ಲಿ ೪–೦ಯಿಂದ ಸೋಲಿಸಿ, ಬೆಲ್‌ಗ್ರೇಡಿನಲ್ಲಿ ೦–೧ರಿಂದ ಸೋತು, ಒಟ್ಟು ಲೆಕ್ಕದಲ್ಲಿ ಗೆದ್ದು ಅರ್ಹತೆ ಪಡೆದಿತ್ತು. ಆಗಿನ ಏರ್ಪಾಟಿನಂತೆ ಗುಂಪು, ಅಂಕ ಎಂಬುದಿರಲಿಲ್ಲ. ಮೊದಲ ಪಂದ್ಯದಲ್ಲಿಯೇ ಸೋತವನು ಮನೆಗೆ. ತಂಡವನ್ನು ಆರಿಸುತ್ತಿದ್ದವನು ಯೂಜೆಫ್ ಕಾವುಜಾ, ಹಿಂದೆ ಕ್ರಾಕೋವಿಯಾ ಸಂಘದ ಹೆಸರಾಂತ ಫಾರ್ವರ್ಡು. ನಾಯಕ, ಬ್ಯಾಕು ಶ್ಚೆಪಾನ್ಯಾಕ್. ಅವನ ಜೊತೆಗೆ ಇನ್ನೊಬ್ಬ ಬ್ಯಾಕು ಊಚ್ ನಗರದ ಅಂತೋನಿ ಗವೆತ್ಸ್ಕಿ. ಇವರಿಬ್ಬರ ಎದುರಿಗೆ ಬ್ರೆಜಿಲಿನ ಲಿಯೊನಿದಾಸ್.

ಮೊದಲ ಗೋಲನ್ನು ಲಿಯೊನಿದಾಸನೇ ಹೊಡೆದನು. ಪೋಲೆಂಡಿಗೆ ಸಿಕ್ಕಿದ ಪೆನಾಲ್ಟಿಯನ್ನು ಶೆರ್ಫ್ಕೆ ಗೋಲಾಗಿಸಿದನು. ವಿರಾಮದ ಹೊತ್ತಿಗೆ ಬ್ರೆಜಿಲ್ ೩–೧ರಿಂದ ಮುಂದಿತ್ತು. ಇಷ್ಟರಲ್ಲಿ ಮಳೆ, ಮೈದಾನವೆಲ್ಲ ಕೆಸರು. ವಿರಾಮದ ಬಳಿಕ ಪೋಲೆಂಡಿನ ಎರ್ನೆಸ್ಟ್ ವಿಲಿಮೋವ್ಸ್ಕಿ ಎಂಬ ಇಪ್ಪತ್ತೊಂದು ವರ್ಷದ ತರುಣನು ಆರು ನಿಮಿಷಗಳೊಳಗೆ ಎರಡು ಗೋಲು ಹೊಡೆದು ಲೆಕ್ಕವನ್ನು ಸಮಮಾಡಿದನು. ಬ್ರೆಜಿಲ್ ಮತ್ತೆ ಮುಂದಾಯಿತು. ಇನ್ನೇನು ಮುಗಿಯಿತೆನ್ನುವಾಗ, ೮೯ನೆಯ ನಿಮಿಷದಲ್ಲಿ ವಿಲಿಮೋವ್ಸ್ಕಿಯ ಮತ್ತೊಂದು ಗೋಲು. ೪–೪! ಹೆಚ್ಚಿನ ಅರ್ಧ ಗಂಟೆಯ ಆಟದಲ್ಲಿ ಲಿಯೊನಿದಾಸ್ ಎರಡು ಹೊಡೆದನು, ವಿಲಿಮೋವ್ಸ್ಕಿ ಇನ್ನೊಂದು ಹೊಡೆದನು. ಕೊನೆಗೆ ಬ್ರೆಜಿಲ್ ೬, ಪೋಲೆಂಡ್ ೫. ಕೆಸರಿನಲ್ಲಿ ಬೂಟು ಕಿತ್ತುಹೋಗಿ ಲಿಯೊನಿದಾಸ್ ಬರಿಗಾಲಿನಲ್ಲಿ ಆಡಹೋದನೆಂಬ ಕಥೆಯೂ ಪ್ರಚಾರದಲ್ಲಿದೆ. ನಿಜವೋ ಸುಳ್ಳೋ, ಬರಿಗಾಲಿನಲ್ಲಿಯೇ ಚೆಂಡು ಒದ್ದು ಬೆಳೆದ ನಮ್ಮಂಥ ಹಳ್ಳಿಯ ಹುಡುಗರಿಗೆ ಅದರಲ್ಲಿ ದೊಡ್ಡ ಅತಿಶಯವೇನೂ ಕಾಣುವುದಿಲ್ಲ.

ಒಬ್ಬನೇ ಒಂದು ವಿಶ್ವಕಪ್ ಪಂದ್ಯದಲ್ಲಿ ನಾಲ್ಕು ಗೋಲು ಹೊಡೆದೂ ಅವನ ತಂಡ ಸೋತದ್ದು ವಿಚಿತ್ರ. ಒಂದು ಪಂದ್ಯದಲ್ಲಿ ಐದು ಗೋಲುಗಳು ಒಬ್ಬನಿಂದಲೇ ಬರಬೇಕಾದರೆ ೧೯೯೪ರಲ್ಲಿ ರಷ್ಯದ ಸಾಲೆಂಕೊ ಬರುವವರೆಗೆ ಕಾಯಬೇಕಾಯಿತು. ಆದ್ದರಿಂದ ಸ್ಟ್ರಾಸ್‌ಬರ್ಗಿನ ಪಂದ್ಯವೆಂದರೆ ಎಲ್ಲರೂ ವಿಲಿಮೋವ್ಸ್ಕಿಯ ಮಾತನ್ನಾಡುತ್ತಾರೆ, ಲಿಯೊನಿದಾಸನ ಮಾತನ್ನಾಡುತ್ತಾರೆ. ಶ್ಚೆಪಾನ್ಯಾಕನ ಮಾತನ್ನು ಆಡಬೇಕಾಗಿ ಬಂದರೆ ಆರು ಗೋಲು ಬಿಟ್ಟುಕೊಟ್ಟ ತಂಡದ ಬ್ಯಾಕು ಎನ್ನಬೇಕು. ನೂರಿಪ್ಪತ್ತು ನಿಮಿಷ, ಬದಲಿ ಆಟಗಾರನನ್ನು ಇಳಿಸುವ ನಿಯಮವಿಲ್ಲದ ಕಾಲ, ಕಾಲು ಹೂತುಹೋಗುವ ಕೆಸರು, ಎದುರಿಗೆ ಆ ವಿಶ್ವಕಪ್ಪಿನಲ್ಲಿ ಎಲ್ಲರಿಗಿಂತ ಹೆಚ್ಚು ಗೋಲು ಹೊಡೆದ ಆಟಗಾರ. ಆರನ್ನು ಎಣಿಸಿದವರು ಆರಕ್ಕೆ ಮೇಲೆ ಎಷ್ಟು ತಡೆಯಲ್ಪಟ್ಟವೆಂದು ಎಣಿಸಲಿಲ್ಲ.

ನಮ್ಮ ತಂದೆಯವರು ಅಕ್ಷರ ಕಲಿತವರಲ್ಲ. ಜೋಳ ತೆನೆಗಟ್ಟಿತೆಂದರೆ ಹಂದಿಯ ಕಾಟಕ್ಕೆ ಹೊಲದ ನಡುವೆ ಅಟ್ಟಣೆ ಹಾಕಿ ರಾತ್ರಿಯಿಡೀ ಕಾವಲು ಕೂಡುತ್ತಾರೆ. ಕಣದಲ್ಲಿ ರಾಶಿ ಮಾಡುವ ದಿನ ಬಂದವರೆಲ್ಲ ಬಿತ್ತಿದವನ ಕೈಗುಣವನ್ನೂ ಎತ್ತಿನ ಕಸುವನ್ನೂ ಹೊಗಳುತ್ತಾರೆಯೇ ಹೊರತು ಅಟ್ಟಣೆಯ ರಾತ್ರಿಗಳ ಮಾತೆತ್ತುವುದಿಲ್ಲ. ಹಂದಿ ನುಗ್ಗಿದ ಒಂದು ರಾತ್ರಿ ಮಾತ್ರ ಊರಿಗೆಲ್ಲ ನೆನಪಿರುತ್ತದೆ. ದಸರೆಯ ರಜಕ್ಕೆ ಹೋಗಿದ್ದಾಗ ಈ ಸ್ಟ್ರಾಸ್‌ಬರ್ಗಿನ ಕಥೆಯನ್ನು ಅವರಿಗೆ ಹೇಳಿದೆ. ಎಲ್ಲ ಕೇಳಿ, “ಆರು ಹೋದ ಮೇಲೂ ಅವನ್ನೇ ಮುಂದಾಳು ಮಾಡಿ ಇಟ್ಕೊಂಡ್ರೇನಪ್ಪ?” ಎಂದರು.

ಇಟ್ಟುಕೊಂಡರು. ೧೯೩೯ರ ಆಗಸ್ಟ್ ೨೭ರಂದು ವಾರ್ಸಾದಲ್ಲಿ ಹಂಗೆರಿಯ ವಿರುದ್ಧ ಪೋಲೆಂಡ್ ಆಡಿದಾಗಲೂ ನಾಯಕ ಶ್ಚೆಪಾನ್ಯಾಕನೇ. ಹಂಗೆರಿ ಎಂದರೆ ಸಾಮಾನ್ಯ ತಂಡವಲ್ಲ. ಹಿಂದಿನ ವರ್ಷದ ವಿಶ್ವಕಪ್ಪಿನಲ್ಲಿ ಎರಡನೆಯ ಸ್ಥಾನ ಪಡೆದಿತ್ತು. ಅದು ಮೊದಲಿಗೆ ಎರಡು ಗೋಲುಗಳಿಂದ ಮುಂದಾಯಿತು. ಆಮೇಲೆ ಪೋಲೆಂಡ್ ತಿರುಗಿ ಬಿದ್ದು, ವಿಲಿಮೋವ್ಸ್ಕಿಯ ಮೂರು ಗೋಲುಗಳು ಹಾಗೂ ಪ್ಯೋಂತೆಕನ ಒಂದು ಪೆನಾಲ್ಟಿಯಿಂದ ೪–೨ರಲ್ಲಿ ಗೆದ್ದಿತು. ಇಲ್ಲಿಯೂ ಒಂದು ಮಾತು ಹೇಳಬೇಕು. ಎರಡು ಗೋಲು ಹಿಂದೆ ಬಿದ್ದ ತಂಡ ನಾಲ್ಕು ಹೊಡೆದು ಗೆಲ್ಲಬೇಕಾದರೆ, ಹಿಂದೆ ನಿಂತವರು ಎರಡನ್ನು ಮೂರಾಗಲು ಬಿಡದೆ ಇರಬೇಕು. ಅದು ಸ್ವತಂತ್ರ ಪೋಲೆಂಡಿನ ಕೊನೆಯ ಪಂದ್ಯವಾಯಿತು. ಐದನೆಯ ದಿನ ಬೆಳಗಿನ ಜಾವದಲ್ಲಿ ಜರ್ಮನ್ ಸೈನ್ಯವು ಗಡಿ ದಾಟಿತು. ಸೆಪ್ಟೆಂಬರ್ ೧೭ರಂದು ಪೂರ್ವದಿಂದ ಸೋವಿಯೆತ್ ಸೈನ್ಯ ಬಂದಿತು. ತಿಂಗಳ ಕೊನೆಗೆ ವಾರ್ಸಾ ಶರಣಾಯಿತು. ನೂರ ಇಪ್ಪತ್ತಮೂರು ವರ್ಷ ಇಲ್ಲದೆ ಇದ್ದು, ಇಪ್ಪತ್ತೊಂದು ವರ್ಷ ಇದ್ದ ದೇಶ ಮತ್ತೆ ಹಂಚಿಹೋಯಿತು.

ಜರ್ಮನರು ಪೋಲಿಷ್ ಜನರಿಗೆ ಕಾಲೇಜು ಬೇಡ, ವಿಶ್ವವಿದ್ಯಾನಿಲಯ ಬೇಡ ಎಂದು ಮುಚ್ಚಿದರು. ಆಟದ ಸಂಘಗಳನ್ನೂ ನಿಷೇಧಿಸಿದರು. ಒಳ್ಳೆಯ ಮೈದಾನಗಳು ಜರ್ಮನರಿಗೆ ಮಾತ್ರ ಎಂಬ ಫಲಕ ಹೊತ್ತವು. ಚೆಂಡು ಒದೆಯುವುದರಿಂದ ಸಾಮ್ರಾಜ್ಯಕ್ಕೇನು ಅಪಾಯವೆಂದು ನಮಗೆ ತೋರಬಹುದು. ಆದರೆ ಹನ್ನೊಂದು ಮಂದಿ ಸೇರಿ, ತಮ್ಮಲ್ಲೊಬ್ಬನನ್ನು ನಾಯಕನೆಂದು ಒಪ್ಪಿ, ಒಂದು ಹೆಸರಿನಡಿ ನಿಲ್ಲುವುದೂ ಒಂದು ಬಗೆಯ ರಾಜ್ಯವೇ ಎಂಬುದನ್ನು ಆಳುವವರು ಆಡುವವರಿಗಿಂತ ಬೇಗ ಅರ್ಥಮಾಡಿಕೊಳ್ಳುತ್ತಾರೆ. ಶ್ಚೆಪಾನ್ಯಾಕ್ ವಾರ್ಸಾದಲ್ಲಿಯೇ ಉಳಿದನು. ಆ ಊರಿನಲ್ಲಿ ಗುಟ್ಟಾಗಿ ಪಂದ್ಯಗಳು ಆರಂಭವಾದವು. ಬಿಡಿ ಪಂದ್ಯಗಳಷ್ಟೇ ಅಲ್ಲ, ತಂಡಗಳ ಪಟ್ಟಿ, ಅಂಕಗಳ ಲೆಕ್ಕ, ಗೆದ್ದವರಿಗೆ ಚಾಂಪಿಯನ್ ಪಟ್ಟ ಎಲ್ಲವೂ ಇದ್ದ ಗುಟ್ಟಿನ ಸ್ಪರ್ಧೆ! ಊರಿನ ನಡುವೆ ಆಡುವಂತಿರಲಿಲ್ಲ. ಹೊರವಲಯದ ಸಣ್ಣ ಊರುಗಳ ಬಯಲುಗಳೇ ಮೈದಾನ. ಬೀದಿಯಲ್ಲಿ ಹೋಗುವವರನ್ನು ಸುತ್ತುಗಟ್ಟಿ ಹಿಡಿದು, ಜರ್ಮನಿಯ ದುಡಿಮೆಗೋ ಸೆರೆಶಿಬಿರಕ್ಕೋ ಸಾಗಿಸುತ್ತಿದ್ದ ದಿನಗಳಲ್ಲಿ ಜನ ಕೂಡುವುದೇ ಅಪಾಯ. ಆ ಅಪಾಯದಲ್ಲಿಯೂ ಜನ ನೋಡಲು ಬಂದರು. ಹಿಂದೆ ಸಹಸ್ರಾರು ಪ್ರೇಕ್ಷಕರ ಮುಂದೆ ದೇಶದ ನಾಯಕನಾಗಿ ಆಡಿದವನು ಈಗ ಹೊಲದಂಚಿನಲ್ಲಿ ಆಡಿದನು. ಪೊಲೋನಿಯಾ ಈ ಗುಟ್ಟಿನ ಸ್ಪರ್ಧೆಯನ್ನೂ ಗೆದ್ದುಕೊಂಡಿತು.

ಸ್ಟ್ರಾಸ್‌ಬರ್ಗಿನಲ್ಲಿ ಒಂದೇ ಅಂಗಿ ತೊಟ್ಟು ಆಡಿದ ಹನ್ನೊಂದು ಮಂದಿ ಈ ಐದಾರು ವರ್ಷಗಳಲ್ಲಿ ಎಲ್ಲೆಲ್ಲಿಗೆ ಹೋದರೆಂಬುದನ್ನು ನೋಡಿದರೆ ಯುದ್ಧದ ಪಾಠ ಪುಸ್ತಕಕ್ಕಿಂತ ಚೆನ್ನಾಗಿ ತಿಳಿಯುತ್ತದೆ. ಜೊತೆಯ ಬ್ಯಾಕು ಗವೆತ್ಸ್ಕಿ ದೇಶ ದಾಟಿ ಪೋಲಿಷ್ ಸೈನ್ಯವನ್ನು ಸೇರಿ, ಉತ್ತರ ಆಫ್ರಿಕದ ತೊಬ್ರೂಕಿನಲ್ಲಿಯೂ ಇಟಲಿಯ ಮಾಂಟೆ ಕಸಿನೊದಲ್ಲಿಯೂ ಹೋರಾಡಿದನು. (೧೯೪೪ರ ಮೇ ತಿಂಗಳಲ್ಲಿ ಪೋಲಿಷ್ ಪಡೆ ಗೆದ್ದುಕೊಂಡ ಆ ಬೆಟ್ಟದ ಮೇಲೆ ಅದಕ್ಕೆ ಕೆಲವು ತಿಂಗಳು ಮುಂಚೆ ಭಾರತದ ನಾಲ್ಕನೆಯ ಡಿವಿಷನ್ನೂ ಹೋರಾಡಿ ರಕ್ತ ಸುರಿಸಿತ್ತು.) ಪೆನಾಲ್ಟಿ ಹೊಡೆದ ಶೆರ್ಫ್ಕೆ ಪೊಜ್ನಾನ್ ನಗರದ ಜರ್ಮನ್ ಮೂಲದವನು, ಅವನು ಜರ್ಮನ್ ಸೈನ್ಯದ ಸಮವಸ್ತ್ರ ತೊಡಬೇಕಾಯಿತು. ಆದರೆ ಅದೇ ಸಮವಸ್ತ್ರದ ಬಲದಿಂದ ತನ್ನ ಹಳೆಯ ಸಂಘದ ಪೋಲಿಷ್ ಗೆಳೆಯರನ್ನು ಕಷ್ಟದಲ್ಲಿ ಕಾಪಾಡಿದನೆಂದು ಅವರೇ ಸ್ಮರಿಸಿದ್ದಾರೆ. ಆಟಗಾರರನ್ನು ಆರಿಸುತ್ತಿದ್ದ ಕಾವುಜಾ, ಜರ್ಮನರ ಕೈಕೆಳಗೆ ಆಟವನ್ನು ಸಂಘಟಿಸಿ ಕೊಡಲು ಒಪ್ಪದೆ ಇದ್ದು, ೧೯೪೪ರಲ್ಲಿ ಕ್ರಾಕೋವ್ ನಗರದಲ್ಲಿ ಕಾಯಿಲೆಯಿಂದ ತೀರಿಕೊಂಡನು.

ಇನ್ನು ವಿಲಿಮೋವ್ಸ್ಕಿ. ಆತ ೧೯೧೬ರಲ್ಲಿ ಹುಟ್ಟಿದಾಗ ಅವನ ಊರು ಕಾತೊವಿತ್ಸೆ ಜರ್ಮನಿಯಲ್ಲಿತ್ತು, ಬೆಳೆಯುವಾಗ ಪೋಲೆಂಡಿನಲ್ಲಿತ್ತು, ೧೯೩೯ರಲ್ಲಿ ಮತ್ತೆ ಜರ್ಮನಿಗೆ ಸೇರಿತು. ಪೋಲೆಂಡಿನ ಪರವಾಗಿ ಇಪ್ಪತ್ತೆರಡು ಪಂದ್ಯಗಳಲ್ಲಿ ಇಪ್ಪತ್ತೊಂದು ಗೋಲು ಹೊಡೆದ ಆತ ಜರ್ಮನ್ ಪೌರತ್ವ ಪಡೆದು, ೧೯೪೧–೪೨ರಲ್ಲಿ ಜರ್ಮನಿಯ ಪರವಾಗಿ ಎಂಟು ಪಂದ್ಯಗಳಲ್ಲಿ ಹದಿಮೂರು ಗೋಲು ಹೊಡೆದನು. ಯುದ್ಧಾನಂತರದ ಪೋಲೆಂಡ್ ಅವನನ್ನು ದ್ರೋಹಿಯೆಂದು ಕರೆದು ಬಹಳ ಕಾಲ ಹೆಸರೆತ್ತಲಿಲ್ಲ. ಆತ ಜರ್ಮನಿಯಲ್ಲಿಯೇ ನೆಲೆಸಿ ೧೯೯೭ರಲ್ಲಿ ಸತ್ತನು. ಕಾಲಡಿಯ ನೆಲವೇ ಮೂರು ಬಾರಿ ದೇಶ ಬದಲಾಯಿಸಿದ ಮನುಷ್ಯನನ್ನು ದ್ರೋಹಿಯೆನ್ನಲು ನನಗೆ ಧೈರ್ಯ ಸಾಲದು. ನಮ್ಮ ತರಗತಿಯಲ್ಲಿ ಈ ವಿಷಯ ಬಂದಾಗ ಎರಡು ಪಕ್ಷಗಳಾದವು. ನನ್ನ ಪಕ್ಷದಲ್ಲಿ ಇದ್ದವರು ಕಡಮೆ. ಆದರೂ ಒಂದನ್ನು ಒಪ್ಪಲೇಬೇಕು. ಗೋಲು ಹೊಡೆಯುವವನನ್ನು ಯಾವ ದೇಶವಾದರೂ ಕೈಹಿಡಿದು ಕರೆಯುತ್ತದೆ. ಶ್ಚೆಪಾನ್ಯಾಕನನ್ನು ಯಾರೂ ಕರೆಯಲಿಲ್ಲ, ಆತ ಹೋಗಲೂ ಇಲ್ಲ. ಇವೆರಡರಲ್ಲಿ ಯಾವುದು ಮೊದಲೆಂದು ಕೇಳುವುದು ಆತನಿಗೆ ಅನ್ಯಾಯ.

೧೯೪೪ರ ಆಗಸ್ಟ್ ೧ರಂದು ವಾರ್ಸಾದ ಜನ ಜರ್ಮನರ ವಿರುದ್ಧ ಬಂಡೆದ್ದರು. ಅರುವತ್ತಮೂರು ದಿನಗಳ ಹೋರಾಟ. ಹಳೆಯ ಪಟ್ಟಣದ ಉತ್ತರಕ್ಕೆ, ಕೊನ್ವಿಕ್ತೋರ್ಸ್ಕ ಬೀದಿಯಲ್ಲಿದ್ದ ಪೊಲೋನಿಯಾದ ಮೈದಾನದ ಬಳಿಯೂ ಗುಂಡು ಹಾರಿದವು. ಬಂಡಾಯ ಸೋತ ಮೇಲೆ ಜರ್ಮನರು ಉಳಿದ ಜನರನ್ನು ಊರಿನಿಂದ ಹೊರಗಟ್ಟಿ, ಬೀದಿಯ ಮೇಲೆ ಬೀದಿಯಂತೆ ಮನೆಗಳನ್ನು ಸುಟ್ಟು ಸಿಡಿಸಿದರು. ೧೯೪೫ರ ಜನವರಿಯಲ್ಲಿ ಯುದ್ಧ ಆ ಊರನ್ನು ದಾಟಿ ಹೋದಾಗ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ಕಟ್ಟಡಗಳು ನೆಲಸಮವಾಗಿದ್ದವು. ಯುದ್ಧಕ್ಕೆ ಮುಂಚೆ ಅಲ್ಲಿ ಹದಿಮೂರು ಲಕ್ಷ ಜನರಿದ್ದರು. ಊರನ್ನು ಅಲ್ಲಿಯೇ ಕಟ್ಟುವುದೋ, ರಾಜಧಾನಿಯನ್ನೇ ಬೇರೆಡೆಗೆ ಒಯ್ಯುವುದೋ ಎಂದು ಚರ್ಚೆ ನಡೆಯುವ ಸ್ಥಿತಿ. ಪೊಲೋನಿಯಾದ ಮೈದಾನ ಆಡುವ ಸ್ಥಿತಿಯಲ್ಲಿರಲಿಲ್ಲ. ಆಟಗಾರರಲ್ಲಿ ಹಲವರು ಸತ್ತಿದ್ದರು, ಹಲವರು ಚದುರಿದ್ದರು.

೧೯೪೬ರಲ್ಲಿ, ಯುದ್ಧ ಮುಗಿದ ಮೇಲೆ ಮೊದಲ ಬಾರಿಗೆ, ಪೋಲೆಂಡಿನ ಚಾಂಪಿಯನ್ ಪಟ್ಟಕ್ಕಾಗಿ ಸ್ಪರ್ಧೆ ಏರ್ಪಟ್ಟಿತು. ಹಳೆಯ ಲೀಗು ಕಟ್ಟುವಷ್ಟು ರೈಲು, ಮೈದಾನ, ಸಂಘ ಯಾವುದೂ ನೆಟ್ಟಗಿರಲಿಲ್ಲ. ಯುದ್ಧಕ್ಕೆ ಮುಂಚೆ ಹೆಸರು ಮಾಡಿದ್ದ ಲ್ವೂವ್ ನಗರದ ಪೊಗೋನ್ ಸಂಘ, ಆ ಊರು ಸೋವಿಯೆತ್ ಒಕ್ಕೂಟಕ್ಕೆ ಸೇರಿದ್ದರಿಂದ ಇಲ್ಲವಾಗಿತ್ತು. ಹೀಗಿರುವಲ್ಲಿ ಪ್ರಾಂತ್ಯಗಳಲ್ಲಿ ಗೆದ್ದ ತಂಡಗಳನ್ನು ಒಂದರ ಮೇಲೊಂದು ಆಡಿಸಿ, ಕೊನೆಯಲ್ಲಿ ನಾಲ್ಕನ್ನು ಉಳಿಸಿಕೊಂಡರು: ಪೊಜ್ನಾನಿನ ವಾರ್ತಾ, ಖೊಜೂಫಿನ ಎ.ಕೆ.ಎಸ್., ಊಚ್ ನಗರದ ಎಲ್.ಕೆ.ಎಸ್. ಹಾಗೂ ವಾರ್ಸಾದ ಪೊಲೋನಿಯಾ. ಪೊಲೋನಿಯಾ ಗೆದ್ದಿತು. ಅದರ ಮೂವತ್ತೈದು ವರ್ಷಗಳ ಬಾಳಿನಲ್ಲಿ ಅದು ದೇಶದ ಚಾಂಪಿಯನ್ ಆದದ್ದು ಅದೇ ಮೊದಲು. ಊರು ಇದ್ದಾಗ ಸಿಕ್ಕದ ಪಟ್ಟ ಊರು ಇಲ್ಲದಾಗ ಸಿಕ್ಕಿತು. ಮೂವತ್ತಾರು ವರ್ಷದ ಶ್ಚೆಪಾನ್ಯಾಕ್ ಆ ತಂಡದ ಹಿಂಭಾಗದಲ್ಲಿ ನಿಂತಿದ್ದನು. ಕೆಳವರ್ಗಕ್ಕಿಳಿದಾಗ ಬಿಟ್ಟು ಹೋಗದಿದ್ದುದಕ್ಕೆ ಪ್ರತಿಫಲವೆಂದು ಬರೆಯಲು ಕೈ ಹೋಗುತ್ತದೆ. ಆದರೆ ಚರಿತ್ರೆ ಹಾಗೆ ಸಂಬಳ ಕೊಡುವ ಧಣಿಯಲ್ಲ. ಅದೇ ನಿಷ್ಠೆಯಿಂದ ಇದ್ದು ಬಂಡಾಯದಲ್ಲಿ ಸತ್ತವರಿಗೆ ಏನು ಸಿಕ್ಕಿತು?

ದೇಶದ ತಂಡವು ಮತ್ತೆ ಕೂಡಿದ್ದು ೧೯೪೭ರ ಜೂನ್ ೧೧ರಂದು, ಓಸ್ಲೊ ನಗರದಲ್ಲಿ. ಎದುರಾಳಿ ನಾರ್ವೆ. ಹನ್ನೊಂದು ವರ್ಷಗಳ ಹಿಂದೆ ಬರ್ಲಿನ್ನಿನಲ್ಲಿ ಪದಕ ತಪ್ಪಿಸಿದ ಅದೇ ನಾರ್ವೆ. ಅದೂ ಐದು ವರ್ಷ ಜರ್ಮನರ ಕೈಯಲ್ಲಿ ನರಳಿ ಬಂದ ದೇಶ. ೧೯೩೯ರ ಆಗಸ್ಟಿನಲ್ಲಿ ಹಂಗೆರಿಯವರೊಡನೆ ಕೈಕುಲುಕಿ ಮೈದಾನಕ್ಕಿಳಿದ ನಾಯಕನೇ ಇಲ್ಲಿಯೂ ತಂಡವನ್ನು ಮುಂದೆ ನಿಂತು ಕರೆತಂದನು. ವಯಸ್ಸು ಮೂವತ್ತೇಳು. ಸುತ್ತಲೂ ಇದ್ದವರಲ್ಲಿ ಹೆಚ್ಚಿನವರು ಅವನು ಸ್ಟ್ರಾಸ್‌ಬರ್ಗಿನಲ್ಲಿ ಆಡುವಾಗ ಶಾಲೆಗೆ ಹೋಗುತ್ತಿದ್ದ ಹುಡುಗರು. ಪೋಲೆಂಡ್ ೩–೧ರಿಂದ ಸೋತಿತು. ಆ ಕಾಲದಲ್ಲಿ ಅದಕ್ಕಿಂತ ದೊಡ್ಡ ಸೋಲುಗಳೂ ಆದವು. ೧೯೪೮ರಲ್ಲಿ ಡೆನ್ಮಾರ್ಕಿನವರು ಎಂಟು ಗೋಲು ಹೊಡೆದರು, ಪೋಲೆಂಡ್ ಒಂದನ್ನೂ ಹೊಡೆಯಲಿಲ್ಲ. ಆ ಎಂಟು ಗೋಲಿನ ದಿನ ಪೋಲೆಂಡಿನ ಪರವಾಗಿ ಆಡಿದವರಲ್ಲಿ ಕಾಜಿಮಿಯೆಶ್ ಗೂರ್ಸ್ಕಿ ಎಂಬವನೊಬ್ಬನಿದ್ದನು. ದೇಶದ ತಂಡದಲ್ಲಿ ಅವನಿಗೆ ದೊರೆತದ್ದು ಅದೊಂದೇ ಪಂದ್ಯ. ೧೯೭೪ರಲ್ಲಿ ಪೋಲೆಂಡ್ ಮೂವತ್ತಾರು ವರ್ಷಗಳ ಮೇಲೆ ಮತ್ತೆ ವಿಶ್ವಕಪ್ಪಿಗೆ ಹೋಗಿ, ಆ ಸಾರಿ ಬ್ರೆಜಿಲನ್ನೇ ಸೋಲಿಸಿ ಮೂರನೆಯ ಸ್ಥಾನ ಪಡೆದಾಗ ಅದರ ತರಬೇತುದಾರ ಇವನೇ.

ಶ್ಚೆಪಾನ್ಯಾಕ್ ೧೯೪೭ರ ಬಳಿಕ ದೇಶದ ತಂಡಕ್ಕೆ ಆಡಲಿಲ್ಲ. ಸ್ವಲ್ಪ ಕಾಲದಲ್ಲಿಯೇ ಆಟವನ್ನೂ ಬಿಟ್ಟನು. ಕಮ್ಯೂನಿಸ್ಟ್ ಸರ್ಕಾರದ ಕಾಲದಲ್ಲಿ ಪೊಲೋನಿಯಾವನ್ನು ರೈಲ್ವೆಯವರ ಸಂಘಕ್ಕೆ ಸೇರಿಸಿ, ಕೆಲವು ವರ್ಷ ಆ ಹಳೆಯ ಹೆಸರನ್ನೇ ತೆಗೆದುಹಾಕಿ ‘ರೈಲ್ವೆ ನೌಕರ’ ಎಂಬ ಅರ್ಥದ ಹೆಸರಿಟ್ಟಿದ್ದರು. ಚಕ್ರವರ್ತಿಯ ಕಾಲದಲ್ಲಿ ಇಟ್ಟ ಹೆಸರು ಪ್ರಜೆಗಳದೆಂದು ಹೇಳಿಕೊಂಡ ಸರ್ಕಾರಕ್ಕೆ ಬೇಡವಾಯಿತು! ೧೯೫೨ರಲ್ಲಿ ಸಂಘ ಪೋಲಿಷ್ ಕಪ್ಪನ್ನು ಗೆದ್ದು, ಅದೇ ವರ್ಷ ಮೇಲಿನ ವರ್ಗದಿಂದ ಕೆಳಗಿಳಿಯಿತು. ಈ ಸಲ ಮರಳಿ ಬರಲು ನಾಲ್ಕು ದಶಕಗಳು ಹಿಡಿದವು. ಶ್ಚೆಪಾನ್ಯಾಕ್ ೧೯೭೯ರ ಮಾರ್ಚ್ ೬ರಂದು ತಾನು ಹುಟ್ಟಿದ ವಾರ್ಸಾದಲ್ಲಿಯೇ ತೀರಿಕೊಂಡನು. ಪೊಲೋನಿಯಾ ತನ್ನ ಎರಡನೆಯ ಚಾಂಪಿಯನ್ ಪಟ್ಟವನ್ನು ಗೆದ್ದದ್ದು ೨೦೦೦ನೆಯ ಇಸವಿಯಲ್ಲಿ.